ಒಡೆಯನಿಲ್ಲದ ಸಂಘದಲ್ಲಿ ನಮ್ಮವರು ಯಾರು?

2021ರ ನವೆಂಬರ್ 18ರಂದು ನ್ಯೂಯಾರ್ಕ್‌ನ ಸೋಥೆಬಿ ಸಂಸ್ಥೆ ಒಂದು ಹಳೆಯ ಮುದ್ರಿತ ಪ್ರತಿಯನ್ನು ಹರಾಜಿಗಿಟ್ಟಿತು. 1787ರಲ್ಲಿ ಅಮೆರಿಕದ ಸಂವಿಧಾನ ರಚನಾ ಸಭೆಯ ಪ್ರತಿನಿಧಿಗಳಿಗೆಂದು ಅಚ್ಚಾದ ಸಂವಿಧಾನದ ಮೊದಲ ಮುದ್ರಣ ಅದು. ಉಳಿದಿರುವುದೇ 13 ಪ್ರತಿ. ಬೆಲೆ ಕೂಗುತ್ತಿದ್ದವರಲ್ಲಿ ಒಬ್ಬರು ಸಿಟಾಡೆಲ್ ಹೆಡ್ಜ್ ಫಂಡ್‌ನ ಕೆನ್ ಗ್ರಿಫಿನ್. ಅವರಿಗೆ ಎದುರಾಗಿ ನಿಂತದ್ದು ಕೆಲವೇ ದಿನಗಳ ಹಿಂದೆ ಹುಟ್ಟಿಯೇ ಇರದಿದ್ದ ಒಂದು ಗುಂಪು. ಹೆಸರು ಕಾನ್‌ಸ್ಟಿಟ್ಯೂಷನ್ ಡಾವೊ. ಡಿಸ್ಕಾರ್ಡ್ ಚಾಟ್‌ನಲ್ಲಿ ಬೆಳೆದ ಈ ಗುಂಪಿಗೆ 17 ಸಾವಿರಕ್ಕೂ ಹೆಚ್ಚು ಜನ ಸೇರಿ ಸುಮಾರು 4.7 ಕೋಟಿ ಡಾಲರ್ ಬೆಲೆಯ ಈಥರ್ ಕ್ರಿಪ್ಟೊ ಹಣ ಹಾಕಿದ್ದರು. ಅವರಲ್ಲಿ ಅರ್ಧದಷ್ಟು ಜನ ಕೊಟ್ಟದ್ದು 206 ಡಾಲರ್‌ಗಿಂತ ಕಡಿಮೆ.

ಗುಂಪು ಸೋತಿತು. ಗ್ರಿಫಿನ್ ಶುಲ್ಕವೂ ಸೇರಿ 4.32 ಕೋಟಿ ಡಾಲರ್ ಕೊಟ್ಟು ಪ್ರತಿಯನ್ನು ಕೊಂಡರು. ಗುಂಪಿನ ಹಣವಿದ್ದದ್ದು ಬ್ಲಾಕ್‌ಚೈನ್‌ನಲ್ಲಿ, ಎಂದರೆ ಎಲ್ಲರಿಗೂ ತೆರೆದ ಲೆಕ್ಕದ ಪುಸ್ತಕದಲ್ಲಿ. ಹೀಗಾಗಿ ಎದುರಾಳಿಯ ಜೇಬಿನಲ್ಲಿ ಎಷ್ಟಿದೆ ಎಂಬುದನ್ನು ಯಾರು ಬೇಕಾದರೂ ನೋಡಬಹುದಿತ್ತು. ಇಸ್ಪೀಟಿನ ಎಲೆಗಳನ್ನು ಮೇಜಿನ ಮೇಲೆ ತೆರೆದಿಟ್ಟು ಆಡಿದವರು ಸೋತದ್ದರಲ್ಲಿ ಆಶ್ಚರ್ಯವಿಲ್ಲ.

ಕುತೂಹಲ ಇರುವುದು ಆಮೇಲೆ ನಡೆದುದರಲ್ಲಿ. ಸಂಘಟಕರು ಕೆಲವೇ ದಿನಗಳಲ್ಲಿ ಅಂಗಡಿ ಮುಚ್ಚುವುದಾಗಿ ಹೇಳಿ, ಹಣ ವಾಪಸ್ ಪಡೆಯಿರಿ ಎಂದರು. ಆಗ ಈಥರ್ ಓಡಾಡುವ ಈಥರಿಯಂ ಜಾಲದ ಶುಲ್ಕ ಎಷ್ಟು ಏರಿತ್ತೆಂದರೆ, ಸಣ್ಣ ಮೊತ್ತ ಹಾಕಿದ ಹಲವರಿಗೆ ಹಾಕುವಾಗ ಮತ್ತು ಹಿಂಪಡೆಯುವಾಗ ತೆರಬೇಕಾದ ಶುಲ್ಕವೇ ಕೊಟ್ಟ ಹಣದ ದೊಡ್ಡ ಪಾಲನ್ನು ನುಂಗುವಂತಿತ್ತು. ಬಹಳಷ್ಟು ಜನ ಹಣ ಕೇಳಲಿಲ್ಲ. ಬದಲಿಗೆ ಸಿಕ್ಕಿದ್ದ ‘ಪೀಪಲ್’ ಎಂಬ ಟೋಕನ್ನನ್ನೇ, ಎಂದರೆ ಕೊಳ್ಳಲು ಮಾರಲು ಬರುವ ಡಿಜಿಟಲ್ ನಾಣ್ಯವನ್ನೇ, ಇಟ್ಟುಕೊಂಡರು. ಕೆಲವರದು ಸಟ್ಟಾ ಲೆಕ್ಕಾಚಾರ, ನಿಜ. ಆ ಟೋಕನ್ ಮುಂದೆ ಮಾರುಕಟ್ಟೆಯಲ್ಲಿ ಏರಿಳಿಯುತ್ತ ಉಳಿಯಿತು. ಆದರೆ ಹಣ ಹಾಕುವ ಮೊದಲೇ ಅವರಿಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಲಾಗಿತ್ತು: ಗೆದ್ದರೂ ಆ ಪ್ರತಿಯಲ್ಲಿ ನಿಮಗೆ ಪಾಲಿಲ್ಲ, ಅದನ್ನು ಎಲ್ಲಿಡಬೇಕು ಎಂಬಂಥ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕಷ್ಟೇ ಇದೆ. ಪಾಲಿಲ್ಲದ ವಸ್ತುವಿಗೆ ಸಾವಿರಾರು ಜನ ದುಡ್ಡು ಸುರಿದರು. ಹಾಗಿದ್ದರೆ ಅವರು ಕೊಂಡದ್ದೇನು?

‘ನಾನೂ ಅಲ್ಲಿದ್ದೆ’ ಎನ್ನುವ ಹಕ್ಕನ್ನು ಎಂಬುದು ಒಂದು ಉತ್ತರ. ಅದು ಸುಳ್ಳಲ್ಲ, ಆದರೆ ಅರ್ಧ ಉತ್ತರ. ಒಡೆಯನಿಲ್ಲದ, ಕಚೇರಿಯಿಲ್ಲದ, ಸದಸ್ಯರು ಮುಖ ನೋಡದ ಆನ್‌ಲೈನ್ ಸಂಘಗಳು ‘ನಮ್ಮವರು’ ಎನ್ನುವ ಹಸಿವನ್ನು ಹೇಗೆ ತಣಿಸುತ್ತವೆ, ಎಲ್ಲಿ ಸೋಲುತ್ತವೆ ಎಂದು ತಿಳಿಯಬೇಕಾದರೆ ಉಳಿದರ್ಧವನ್ನೂ ನೋಡಬೇಕು.

ಈ ಹಸಿವು ಇಂದು ಸಾರ್ವಜನಿಕ ಆರೋಗ್ಯದ ವಿಷಯವಾಗಿದೆ. 2023ರ ಮೇ ತಿಂಗಳಲ್ಲಿ ಅಮೆರಿಕದ ಆಗಿನ ಸರ್ಜನ್ ಜನರಲ್ (ಸರ್ಕಾರದ ಮುಖ್ಯ ಆರೋಗ್ಯಾಧಿಕಾರಿ) ವಿವೇಕ್ ಮೂರ್ತಿ ಒಂಟಿತನವನ್ನು ಸಾಂಕ್ರಾಮಿಕವೆಂದು ಕರೆದು ಸಲಹಾ ವರದಿ ಹೊರಡಿಸಿದರು. ಮೂರ್ತಿಯವರ ಕುಟುಂಬದ ಬೇರು ಮಂಡ್ಯ ಜಿಲ್ಲೆಯ ಹಲ್ಲೆಗೆರೆಯಲ್ಲಿದೆ ಎಂಬುದು ಇಲ್ಲಿನ ಓದುಗರಿಗೆ ಗೊತ್ತಿರುವ ಸಂಗತಿ. ಅವರೇ ಸಹ ಅಧ್ಯಕ್ಷರಾಗಿದ್ದ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರ ಜೂನ್‌ನಲ್ಲಿ ಕೊಟ್ಟ ವರದಿಯ ಪ್ರಕಾರ ಜಗತ್ತಿನಲ್ಲಿ ಆರರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ. ದೇವಸ್ಥಾನ, ಚರ್ಚು, ಕಾರ್ಮಿಕ ಸಂಘ, ಯುವಕ ಸಂಘ, ಮಹಿಳಾ ಸಮಾಜಗಳು ತುಂಬುತ್ತಿದ್ದ ಜಾಗ ಹಲವೆಡೆ ಖಾಲಿಯಾಗಿದೆ. ಆ ಜಾಗಕ್ಕೆ ಬಂದಿರುವ ಹೊಸ ಬಾಡಿಗೆದಾರರಲ್ಲಿ ಡಾವೊಗಳೂ ಸೇರಿವೆ.

ಡಾವೊ ಎಂದರೆ ವಿಕೇಂದ್ರೀಕೃತ ಸ್ವಾಯತ್ತ ಸಂಘಟನೆ. ಬೈಲಾ, ಖಜಾಂಚಿ, ಕಾರ್ಯದರ್ಶಿಗಳ ಕೆಲಸವನ್ನು ಆದಷ್ಟೂ ಬ್ಲಾಕ್‌ಚೈನ್ ಮೇಲಿನ ಪ್ರೋಗ್ರಾಂಗೆ ಬಿಟ್ಟಿರುತ್ತಾರೆ. ಟೋಕನ್ ಇದ್ದವರು ಮತ ಹಾಕುತ್ತಾರೆ, ಮತ ಗೆದ್ದರೆ ಖಜಾನೆಯಿಂದ ಹಣ ತಾನಾಗಿ ಹೋಗುತ್ತದೆ. ಕಲ್ಪನೆ ಸುಂದರವಾಗಿದೆ. ಸೊಸೈಟಿ ಚುನಾವಣೆಯಲ್ಲಿ ಒಮ್ಮೆಯಾದರೂ ನಿಂತವರಿಗೆ ಇದರ ಆಕರ್ಷಣೆಯನ್ನು ಬಿಡಿಸಿ ಹೇಳಬೇಕಿಲ್ಲ.

ಸಂಪೂರ್ಣ ಅಪರಿಚಿತರು ಕೆಲವೇ ದಿನಗಳಲ್ಲಿ ‘ನಾವು’ ಎಂದು ಮಾತಾಡಲು ಶುರುಮಾಡುವುದು ಹೇಗೆ? ಮನೋವಿಜ್ಞಾನದಲ್ಲಿ ಇದಕ್ಕೆ ಐವತ್ತು ವರ್ಷಗಳಷ್ಟು ಹಳೆಯ ಉತ್ತರವಿದೆ. ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿ ಹೆನ್ರಿ ತಾಜ್‌ಫೆಲ್ ಶಾಲಾ ಹುಡುಗರನ್ನು ತೀರಾ ಕ್ಷುಲ್ಲಕ ನೆಪ ಹೇಳಿ ಎರಡು ಗುಂಪು ಮಾಡಿದರು. ಪರದೆಯ ಮೇಲಿನ ಚುಕ್ಕಿಗಳನ್ನು ಹೆಚ್ಚು ಎಣಿಸಿದವರು, ಕಡಿಮೆ ಎಣಿಸಿದವರು ಎಂಬಂಥ ನೆಪ. ಯಾರು ಯಾವ ಗುಂಪಿನವರೆಂದು ಒಬ್ಬರಿಗೊಬ್ಬರು ತಿಳಿಯದು, ಮಾತುಕತೆಯಿಲ್ಲ, ಸ್ವಂತಕ್ಕೆ ಲಾಭವೂ ಇಲ್ಲ. ಆದರೂ ಹಣ ಹಂಚಲು ಹೇಳಿದಾಗ ಹುಡುಗರು ತಮ್ಮ ಗುಂಪಿನ ಕಡೆಗೇ ವಾಲಿದರು. ಒಂದು ಹಣೆಪಟ್ಟಿ ಸಾಕಾಯಿತು.

ಡಾವೊಗೆ ಹಣೆಪಟ್ಟಿಯ ಜೊತೆಗೆ ಇನ್ನೂ ಬೇಕಾದಷ್ಟಿದೆ: ಹೆಸರಿನ ಪಕ್ಕ ಹಾಕಿಕೊಳ್ಳುವ ಪುಟ್ಟ ಚಿತ್ರ, ಒಳಗಿನವರಿಗಷ್ಟೇ ಅರ್ಥವಾಗುವ ಹಾಸ್ಯ, ಎದುರಿಗೊಬ್ಬ ಶತಕೋಟ್ಯಧಿಪತಿ, ಹರಾಜಿನ ಗಡುವು. ಬೆಳಿಗ್ಗೆ ಸೇರಿದವನು ಸಂಜೆಗೆ ‘ನಮ್ಮ ಸಂವಿಧಾನ’ ಎನ್ನುತ್ತಾನೆ. ಇದು ನಾಟಕವಲ್ಲ. ಆ ಕ್ಷಣದ ರೋಮಾಂಚನ ನಿಜವಾದದ್ದೇ. ಆನ್‌ಲೈನ್ ಸಂಬಂಧಗಳೆಲ್ಲ ಪೊಳ್ಳು ಎಂದು ತಳ್ಳಿಹಾಕುವ ಹಿರಿಯರ ವಾದ ನನಗೆ ಒಪ್ಪಿಗೆಯಿಲ್ಲ. ಅವರೂ ಕ್ರಿಕೆಟ್ ವಿಶ್ವಕಪ್ ಗೆದ್ದ ರಾತ್ರಿ ಗುರುತಿಲ್ಲದವರನ್ನು ತಬ್ಬಿಕೊಂಡವರೇ.

ಆದರೆ ಈ ರೋಮಾಂಚನವೇ ಇಡೀ ಹಸಿವನ್ನು ತಣಿಸುವುದಿಲ್ಲ. 1995ರಲ್ಲಿ ರಾಯ್ ಬಾಮೈಸ್ಟರ್ ಮತ್ತು ಮಾರ್ಕ್ ಲಿಯರಿ ಎಂಬ ಇಬ್ಬರು ಮನೋವಿಜ್ಞಾನಿಗಳು, ಸೇರಿಕೊಳ್ಳುವ ಹಂಬಲ ಮನುಷ್ಯನ ಮೂಲಭೂತ ಪ್ರೇರಣೆಗಳಲ್ಲೊಂದು ಎಂದು ದೊಡ್ಡದೊಂದು ಪ್ರಬಂಧದಲ್ಲಿ ವಾದಿಸಿದರು. ಈ ಹಂಬಲ ತೀರಲು ಎರಡೂ ಒಟ್ಟಿಗೆ ಬೇಕು ಎಂಬುದು ಅವರ ಮಾತಿನ ತಿರುಳು. ಕೆಲವೇ ಜನರೊಡನೆ ಪದೇ ಪದೇ, ಕಹಿಯಿಲ್ಲದ ಒಡನಾಟ ಇರಬೇಕು. ಆ ಒಡನಾಟ ಪರಸ್ಪರರ ಒಳಿತು ಬಯಸುವ, ನಾಳೆಯೂ ಇರುತ್ತದೆಂಬ ಭರವಸೆಯ ಸಂಬಂಧದೊಳಗೆ ನಡೆಯಬೇಕು. ಸಾವಿರ ಜನರೊಡನೆ ಒಂದು ರಾತ್ರಿ ಕೂಗಿದರೆ ಆಗದು. ಯಾವಾಗಲೋ ಒಮ್ಮೆ ಮಾತಾಡುವ ದೂರದ ಬಂಧುವಿನಿಂದಲೂ ಪೂರ್ತಿಯಾಗದು.

ಈ ಅಳತೆಗೋಲಿನಲ್ಲಿ ಕಾನ್‌ಸ್ಟಿಟ್ಯೂಷನ್ ಡಾವೊವನ್ನು ಊರ ತೇರು ಎಳೆದದ್ದಕ್ಕೆ ಹೋಲಿಸಬಹುದು. ಮಿಣಿ ಹಿಡಿದ ಸಾವಿರ ಕೈಗಳಲ್ಲಿ ನನ್ನದೂ ಒಂದು, ಅದು ದೊಡ್ಡ ಸುಖ. ವ್ಯತ್ಯಾಸವೆಂದರೆ ತೇರಿಗೆ ಮುಂದಿನ ವರ್ಷವಿದೆ, ಎಳೆದವರೆಲ್ಲ ಮರುದಿನ ಒಂದೇ ಬೀದಿಯಲ್ಲಿ ಎದುರಾಗುತ್ತಾರೆ. ಹರಾಜು ಮುಗಿದ ಮೇಲೆ ಡಿಸ್ಕಾರ್ಡ್‌ನಲ್ಲಿ ಉಳಿದವರಿಗೆ ಮರುದಿನ ಒಟ್ಟಿಗೆ ಮಾಡಲು ಕೆಲಸವೇ ಇರಲಿಲ್ಲ.

ಹಾಗಾದರೆ ಒಂದೇ ಗುರಿಗೆ ಕಟ್ಟುಬೀಳದ, ಬಾಳಲೆಂದೇ ಹುಟ್ಟಿದ ಡಾವೊಗಳ ಕಥೆಯೇನು? 2020ರಲ್ಲಿ ಶುರುವಾದ ‘ಫ್ರೆಂಡ್ಸ್ ವಿತ್ ಬೆನಿಫಿಟ್ಸ್’ ಅಂಥದ್ದು. ಕಲಾವಿದರು, ಸಂಗೀತಗಾರರು, ತಂತ್ರಜ್ಞರ ಕೂಟ. ಒಳಬರಲು ಅರ್ಜಿ ಹಾಕಬೇಕಿತ್ತು, ಮೇಲೆ 75 ಟೋಕನ್ ಕೊಂಡಿಟ್ಟುಕೊಳ್ಳಬೇಕಿತ್ತು. 2021ರ ಕ್ರಿಪ್ಟೊ ಭರಾಟೆಯಲ್ಲಿ ಆ 75 ಟೋಕನ್‌ಗಳ ಬೆಲೆ ಸಾವಿರಾರು ಡಾಲರ್‌ಗೆ ಹೋಯಿತು. ಆಗ ಒಂದು ವಿಚಿತ್ರ ಪರಿಸ್ಥಿತಿ ಹುಟ್ಟುತ್ತದೆ. ಸ್ನೇಹಕೂಟದ ಸದಸ್ಯತ್ವವೇ ಷೇರು. ಬೆಲೆ ಏರಿದರೆ ಗೆಳೆಯ ಮಾರಿ ಹೊರಡಬಹುದು, ಇಳಿದರೆ ಬೇಸರದಲ್ಲಿ ಹೊರಡಬಹುದು. ಹೊಸಬ ಬಂದಾಗ ಅವನು ಮಾತಿಗೆ ಬಂದನೋ ಲಾಭಕ್ಕೆ ಬಂದನೋ ಎಂಬ ಅನುಮಾನ ಬಾಗಿಲಲ್ಲೇ ಕೂತಿರುತ್ತದೆ. ಇಂಟರ್ನೆಟ್ಟಿನಲ್ಲೇ ಹುಟ್ಟಿದ ಈ ಕೂಟ ಕೊನೆಗೆ 2022ರಲ್ಲಿ ಕ್ಯಾಲಿಫೋರ್ನಿಯಾದ ಐಡಿಲ್‌ವೈಲ್ಡ್ ಎಂಬ ಬೆಟ್ಟದೂರಿನಲ್ಲಿ ಉತ್ಸವ ಮಾಡಿ ಸದಸ್ಯರನ್ನು ಎದುರುಬದುರು ಕೂರಿಸಿತು. ಟೋಕನ್ ಮಾಡದ ಕೆಲಸವನ್ನು ಊಟದ ಸಾಲು ಮಾಡುತ್ತದೆಂದು ಅವರಿಗೂ ಅನಿಸಿರಬೇಕು.

ಮಾತಿಗೆ ಬೆಲೆಯಿದೆ ಎನ್ನುವ ಅನುಭವವೂ ಸೇರಿದವರಾಗುವುದರ ಭಾಗ. 1986ರಲ್ಲಿ ಮನೋವಿಜ್ಞಾನಿಗಳಾದ ಮೆಕ್‌ಮಿಲನ್ ಮತ್ತು ಚಾವಿಸ್ ಸಮುದಾಯ ಪ್ರಜ್ಞೆಯ ಬಗ್ಗೆ ಬರೆದಾಗ ಸದಸ್ಯತ್ವದ ಪಕ್ಕದಲ್ಲೇ ಪ್ರಭಾವವನ್ನೂ ಇಟ್ಟಿದ್ದರು: ಗುಂಪು ನನ್ನನ್ನು ಬದಲಿಸಬೇಕು, ನಾನೂ ಗುಂಪನ್ನು ಸ್ವಲ್ಪವಾದರೂ ಬದಲಿಸಬೇಕು. ಡಾವೊಗಳ ಘೋಷಣೆಯೇ ಇದು. ವಾಸ್ತವ ಬೇರೆ. ಬ್ಲಾಕ್‌ಚೈನ್ ವಹಿವಾಟು ವಿಶ್ಲೇಷಿಸುವ ಚೈನಾಲಿಸಿಸ್ ಸಂಸ್ಥೆ 2022ರಲ್ಲಿ ಹತ್ತು ದೊಡ್ಡ ಡಾವೊಗಳನ್ನು ನೋಡಿದಾಗ, ಟೋಕನ್ ಇದ್ದವರಲ್ಲಿ ಶೇ 1ಕ್ಕಿಂತ ಕಡಿಮೆ ಜನರ ಕೈಯಲ್ಲಿ ಮತಬಲದ ಶೇ 90 ಇತ್ತು. ಒಬ್ಬರಿಗೆ ಒಂದು ಮತವಲ್ಲ, ಒಂದು ಟೋಕನ್ನಿಗೆ ಒಂದು ಮತ. ಹತ್ತು ಟೋಕನ್ ಹಿಡಿದವನು ಮತ ಹಾಕದಿದ್ದರೂ ಏನೂ ಬದಲಾಗದು, ಅದು ಅವನಿಗೂ ಗೊತ್ತು. ಹಾಗಾಗಿ ಹಾಕುವುದನ್ನು ಬಿಡುತ್ತಾನೆ.

ತಮಾಷೆಯೆಂದರೆ, ಮತ ಹಾಕಿದವರನ್ನು ಅತಿ ಗಂಭೀರವಾಗಿ ‘ಸದಸ್ಯರು’ ಎಂದು ಒಪ್ಪಿಕೊಂಡದ್ದು ಅಮೆರಿಕದ ಸರ್ಕಾರ. ಕ್ರಿಪ್ಟೊ ವಹಿವಾಟಿನ ವೇದಿಕೆ ನಡೆಸುತ್ತಿದ್ದ ಊಕಿ ಡಾವೊ ವಿರುದ್ಧ ಅಲ್ಲಿನ ಸರಕು ವಾಯಿದೆ ನಿಯಂತ್ರಣ ಆಯೋಗ 2022ರಲ್ಲಿ ಮೊಕದ್ದಮೆ ಹೂಡಿದಾಗ, ಟೋಕನ್ ಬಳಸಿ ಮತ ಹಾಕಿದವರೇ ಈ ಸಂಘ ಎಂದಿತು. ಕಚೇರಿಯ ವಿಳಾಸವಿಲ್ಲದ್ದರಿಂದ ನೋಟಿಸನ್ನು ಅವರ ಜಾಲತಾಣದ ಚಾಟ್ ಪೆಟ್ಟಿಗೆಯ ಮೂಲಕ ಮುಟ್ಟಿಸಲಾಯಿತು. 2023ರ ಜೂನ್‌ನಲ್ಲಿ ನ್ಯಾಯಾಲಯ ಡಾವೊಗೆ ಸುಮಾರು 6.4 ಲಕ್ಷ ಡಾಲರ್ ದಂಡ ಹಾಕಿತು. ವಿಚಾರಣೆಗೆ ಸಂಘದ ಪರವಾಗಿ ಯಾರೂ ಬಂದಿರಲಿಲ್ಲ.

ಇದೆಲ್ಲವನ್ನೂ ಬದಿಗಿಟ್ಟು, ಟೋಕನ್ ಎಂಬುದು ಹುಟ್ಟುವ ಎಷ್ಟೋ ಮೊದಲಿನಿಂದ ಒಡೆಯನಿಲ್ಲದೆ ನಡೆಯುತ್ತಿರುವ ಒಂದು ಸಂಘವನ್ನು ನೋಡೋಣ. ಡೆಬಿಯನ್. 1993ರಲ್ಲಿ ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿ ಶುರುಮಾಡಿದ, ಲಿನಕ್ಸ್ ಆಧರಿತ ಸ್ವತಂತ್ರ ಕಾರ್ಯಾಚರಣಾ ವ್ಯವಸ್ಥೆ ಇದು. ಜಗತ್ತಿನ ಅಸಂಖ್ಯ ಸರ್ವರ್‌ಗಳು ಇದರ ಮೇಲೆ, ಇಲ್ಲವೇ ಇದರಿಂದ ಹುಟ್ಟಿದ ಉಬುಂಟುವಿನಂಥವುಗಳ ಮೇಲೆ ಓಡುತ್ತವೆ. ಇದನ್ನು ಕಟ್ಟುವವರು ದೇಶದೇಶಗಳಲ್ಲಿ ಚದುರಿರುವ ಸುಮಾರು ಒಂದು ಸಾವಿರ ಸದಸ್ಯರು, ಅವರ ಸುತ್ತ ಇನ್ನಷ್ಟು ಕೈಗಳು. ಸಂಬಳವಿಲ್ಲ, ಷೇರಿಲ್ಲ. ಸಂವಿಧಾನವಿದೆ, ವರ್ಷಕ್ಕೊಮ್ಮೆ ನಾಯಕನ ಚುನಾವಣೆಯಿದೆ, ಒಬ್ಬರಿಗೆ ಒಂದೇ ಮತ.

ಡೆಬಿಯನ್‌ನ ಪೂರ್ಣ ಸದಸ್ಯರಾಗುವುದು ಸುಲಭವಲ್ಲ. ಮೊದಲು ಯಾವುದಾದರೂ ಕೆಲಸಕ್ಕೆ ಕೈಹಾಕಬೇಕು, ಹೆಚ್ಚಿನವರು ಒಂದು ಸಾಫ್ಟ್‌ವೇರ್ ಪ್ಯಾಕೇಜಿನ ನಿಗಾ ವಹಿಸುತ್ತಾರೆ. ಹಳಬರೊಬ್ಬರು ಅದನ್ನು ಪರೀಕ್ಷಿಸಿ ಒಳಗೆ ಬಿಡುತ್ತಾರೆ, ತಪ್ಪಿದ್ದರೆ ವಾಪಸ್ ಕಳಿಸುತ್ತಾರೆ. ಆಮೇಲೆ ಯಾರಾದರೂ ಸದಸ್ಯರು ‘ಇವರು ನಮ್ಮ ಜೊತೆ ಕೆಲಸ ಮಾಡಬಲ್ಲರು’ ಎಂದು ಪರವಾಗಿ ನಿಲ್ಲಬೇಕು. ಪ್ರಶ್ನೋತ್ತರ ತಿಂಗಳುಗಟ್ಟಲೆ ನಡೆಯಬಹುದು. ಇನ್ನೊಂದು ಶರತ್ತು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ನಿಮ್ಮ ಡಿಜಿಟಲ್ ಸಹಿಯ ಕೀಲಿಗೆ ಈಗಾಗಲೇ ಸದಸ್ಯರಾದವರು ಸಹಿ ಹಾಕಬೇಕು, ಅದಕ್ಕೆ ಸಾಂಪ್ರದಾಯಿಕ ದಾರಿ ಮುಖತಃ ಭೇಟಿ. ಎಲ್ಲೋ ಒಂದು ಸಮ್ಮೇಳನದ ಮೂಲೆಯಲ್ಲಿ ಜನ ಸಾಲಾಗಿ ನಿಂತು ಒಬ್ಬರ ಪಾಸ್‌ಪೋರ್ಟನ್ನು ಇನ್ನೊಬ್ಬರು ನೋಡಿ ಗುರುತು ಹಾಕಿಕೊಳ್ಳುತ್ತಾರೆ. ಇದಕ್ಕೆ ಕೀ ಸೈನಿಂಗ್ ಪಾರ್ಟಿ ಎಂದೇ ಹೆಸರು. ಪ್ರಪಂಚದ ಅತ್ಯಂತ ನೀರಸ ಪಾರ್ಟಿ ಇದಿರಬಹುದು. ಆದರೆ ವಿಕೇಂದ್ರೀಕೃತ ಸಂಘದ ನಂಬಿಕೆಯ ಬಲೆಯನ್ನು ಒಂದೊಂದೇ ಗಂಟು ಹಾಕಿ ನೇಯ್ದವರು ಹೀಗೆ ಎದುರುಬದುರು ನಿಂತವರು. ಇವರ ವಾರ್ಷಿಕ ಸಮ್ಮೇಳನ ಡೆಬ್‌ಕಾನ್ 2023ರ ಸೆಪ್ಟೆಂಬರ್‌ನಲ್ಲಿ ಕೊಚ್ಚಿಯಲ್ಲಿ ನಡೆಯಿತು, ಭಾರತದಲ್ಲಿ ಅದೇ ಮೊದಲು.

ಇದೇ ಸಂಘದಲ್ಲಿ ಇನ್ನೊಂದು ಪುಟ್ಟ ತಂಡವಿದೆ. ಅದರ ಕೆಲಸ, ಕಾಣೆಯಾದವರನ್ನು ಹುಡುಕುವುದು. ಬಹಳ ದಿನದಿಂದ ಪ್ಯಾಕೇಜಿನ ಕಡೆ ತಲೆಹಾಕದ, ದೋಷವರದಿಗೆ ಉತ್ತರಿಸದ ಸದಸ್ಯರಿಗೆ ಈ ತಂಡ ಪತ್ರ ಬರೆಯುತ್ತದೆ: ಹೇಗಿದ್ದೀರಿ, ಇನ್ನೂ ನೋಡಿಕೊಳ್ಳುತ್ತೀರಾ, ಆಗದಿದ್ದರೆ ಬೇರೆಯವರಿಗೆ ಬಿಡುತ್ತೀರಾ? ಉತ್ತರ ಬಾರದಿದ್ದರೆ ಪ್ಯಾಕೇಜನ್ನು ಅನಾಥವೆಂದು ಘೋಷಿಸಿ ದತ್ತು ತೆಗೆದುಕೊಳ್ಳುವವರನ್ನು ಹುಡುಕುತ್ತಾರೆ. ಕಾಳಜಿಗಿಂತ ಕೆಲಸದ ಒತ್ತಡದಿಂದ ಹುಟ್ಟಿದ ಏರ್ಪಾಡು ಇದು, ಇದನ್ನು ಭಾವುಕಗೊಳಿಸುವ ಅಗತ್ಯವಿಲ್ಲ. ಆದರೂ ಯೋಚಿಸಿ. ನೀವು ಬಾರದೆ ಹೋದರೆ ಅದು ಯಾರಿಗೋ ತಿಳಿಯುತ್ತದೆ, ಏಕೆಂದರೆ ನಿಮ್ಮ ಕೈಯಲ್ಲಿ ಒಂದು ಕೆಲಸವಿತ್ತು. ಟೋಕನ್ ಹಿಡಿದವನು ನಾಪತ್ತೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ಅವನ ಟೋಕನ್ ಅಲ್ಲೇ ಇರುತ್ತದೆ, ಲೆಕ್ಕದಲ್ಲಿ ಅವನು ಎಂದೆಂದಿಗೂ ಸದಸ್ಯ. 2015ರ ಕೊನೆಯಲ್ಲಿ ತೀರಿಕೊಂಡ ಮರ್ಡಾಕ್ ಅವರಿಗೆ ಡೆಬಿಯನ್ ತನ್ನ ಒಂಬತ್ತನೇ ಆವೃತ್ತಿಯನ್ನು ಅರ್ಪಿಸಿತು. ಅವರು ದಿನನಿತ್ಯದ ಕೆಲಸ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು.

ನನ್ನ ವಾದದ ಗಂಟು ಇಲ್ಲಿದೆ. ಒಡೆತನ ಕೊಟ್ಟರೆ ಆತ್ಮೀಯತೆ ಬರುತ್ತದೆ, ಮತ ಕೊಟ್ಟರೆ ನಿಷ್ಠೆ ಬರುತ್ತದೆ ಎಂದು ಡಾವೊಗಳನ್ನು ಕಟ್ಟಿದವರು ನಂಬಿದರು. ಆದರೆ ಬಹುಕಾಲ ಬಾಳಿರುವ ಆನ್‌ಲೈನ್ ಸಂಘಗಳಲ್ಲಿ ಜನ ಉಳಿದಿರುವುದು ತಮ್ಮ ಅಗತ್ಯ ಬೇರೆಯವರಿಗಿದೆ ಎಂಬ ಕಾರಣಕ್ಕೆ. ಬೇಕಾದವರಾಗುವುದು, ಅದೂ ಹೆಸರು ಗೊತ್ತಿರುವ ನಾಲ್ಕಾರು ಜನರಿಗೆ ಬೇಕಾದವರಾಗುವುದು. ಸಂಘ ಎಷ್ಟೇ ದೊಡ್ಡದಿರಲಿ, ಒಳಗಿನ ಕೋಣೆಗಳು ಚಿಕ್ಕವಿರಬೇಕು.

ವಿಕಿಪೀಡಿಯ ಇದಕ್ಕೆ ಪುರಾವೆಯನ್ನೂ ಎಚ್ಚರಿಕೆಯನ್ನೂ ಒಟ್ಟಿಗೆ ಕೊಡುತ್ತದೆ. ಅಲ್ಲಿ ‘ಬಾರ್ನ್‌ಸ್ಟಾರ್’ ಎಂಬ ಪದಕವಿದೆ. ಯಾರು ಬೇಕಾದರೂ ಯಾರಿಗೆ ಬೇಕಾದರೂ ಕೊಡಬಹುದು, ಚಿಕ್ಕಾಸಿನ ಬೆಲೆಯಿಲ್ಲ, ಮಾರಲು ಬಾರದು. 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸಂಶೋಧಕರು ಅತಿ ಹೆಚ್ಚು ಕೆಲಸ ಮಾಡುವ ಶೇ 1ರಷ್ಟು ಸಂಪಾದಕರಲ್ಲಿ ಕೆಲವರನ್ನು ಚೀಟಿ ಎತ್ತಿದಂತೆ ಆರಿಸಿ ಈ ಪದಕ ಕೊಟ್ಟರು. ಮುಂದಿನ 90 ದಿನಗಳಲ್ಲಿ, ಪದಕ ಸಿಗದ ಸರೀಕರಿಗಿಂತ ಅವರ ಕೆಲಸ ಶೇ 60ರಷ್ಟು ಹೆಚ್ಚಿತ್ತು. ಜರ್ಮನ್ ವಿಕಿಪೀಡಿಯದಲ್ಲಿ ಹೊಸಬರ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲೂ ಪ್ರಶಸ್ತಿ ಪಡೆದವರು ಮರಳಿ ಬರುವ ಪ್ರಮಾಣ ಶೇ 20ರಷ್ಟು ಹೆಚ್ಚಿತು. ಒಬ್ಬ ಮನುಷ್ಯ ನಿಮ್ಮ ಕೆಲಸವನ್ನು ನೋಡಿದ್ದಾನೆ ಎಂಬ ಸೂಚನೆಯಷ್ಟೇ ಆ ಪದಕ.

ಎಚ್ಚರಿಕೆಯ ಭಾಗ ಹೀಗಿದೆ. ಇಂಗ್ಲಿಷ್ ವಿಕಿಪೀಡಿಯದ ಸಕ್ರಿಯ ಸಂಪಾದಕರ ಸಂಖ್ಯೆ 2007ರಲ್ಲಿ ಶಿಖರ ಮುಟ್ಟಿ ಆಮೇಲೆ ವರ್ಷಗಟ್ಟಲೆ ಇಳಿಯಿತು. ಕಾರಣ ಹುಡುಕಿದ ಸಂಶೋಧಕರಿಗೆ ಕಂಡದ್ದು ಬಾಗಿಲಿನ ಸಮಸ್ಯೆ. ಕಿಡಿಗೇಡಿಗಳನ್ನು ತಡೆಯಲು ಹಳಬರು ಕಟ್ಟಿಕೊಂಡ ಬಾಟ್‌ಗಳು (ತಾನಾಗಿ ತಿದ್ದುವ ಪ್ರೋಗ್ರಾಂಗಳು), ಅರೆ ಸ್ವಯಂಚಾಲಿತ ಉಪಕರಣಗಳು ಒಳ್ಳೆಯ ಮನಸ್ಸಿನಿಂದ ಬಂದ ಹೊಸಬರ ಮೊದಲ ತಿದ್ದುಪಡಿಯನ್ನೂ ಅಳಿಸಿಹಾಕುತ್ತಿದ್ದವು, ಜೊತೆಗೊಂದು ತಯಾರು ಎಚ್ಚರಿಕೆ ಸಂದೇಶ. ಬಂದವರು ತಿರುಗಿ ನೋಡಲಿಲ್ಲ. ಹೊರಗಿಡುವಿಕೆ ಎಷ್ಟು ನೋಯಿಸುತ್ತದೆ ಎಂಬುದಕ್ಕೆ ಕಿಪ್ಲಿಂಗ್ ವಿಲಿಯಮ್ಸ್ ಅವರ ಪ್ರಸಿದ್ಧ ಪ್ರಯೋಗಗಳಿವೆ. ಪರದೆಯ ಮೇಲೆ ಮೂವರು ಚೆಂಡು ಎಸೆದಾಡುವ ಸರಳ ಆಟ. ಕೆಲ ನಿಮಿಷ ನಿಮಗೆ ಚೆಂಡು ಬಾರದಿದ್ದರೆ ಸಾಕು, ಮನಸ್ಸು ಕುಗ್ಗುತ್ತದೆ. ಆಡುತ್ತಿರುವುದು ಕಂಪ್ಯೂಟರ್ ಎಂದು ಮೊದಲೇ ಹೇಳಿದ್ದರೂ ಕುಗ್ಗುತ್ತದೆ. ಬಾಟ್ ಅಳಿಸಿದ್ದಕ್ಕೆ ಯಾಕೆ ಬೇಜಾರು ಎಂದು ಕೇಳುವ ಹಳಬರು ಇದನ್ನು ಗಮನಿಸಬೇಕು.

ಕನ್ನಡ ವಿಕಿಪೀಡಿಯದ ಸಮಸ್ಯೆ ಬೇರೆ ಬಗೆಯದು. 2003ರಲ್ಲಿ ಶುರುವಾದ ಅದರಲ್ಲಿ ಈಗ 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ, ಆದರೆ ತಿಂಗಳಲ್ಲಿ ಕೈಯಾಡಿಸುವವರ ಸಂಖ್ಯೆ ಸಾವಿರವನ್ನೂ ಮುಟ್ಟುವುದಿಲ್ಲ. ಇಷ್ಟು ದೊಡ್ಡ ಭಾಷೆಗೆ ಇದು ಕಡಿಮೆಯೇ. ಹಾಗಿದ್ದೂ ಸೇರಿಕೊಳ್ಳುವ ದೃಷ್ಟಿಯಿಂದ ಈ ಚಿಕ್ಕತನಕ್ಕೊಂದು ಲಾಭವಿದೆ. ಸಮುದಾಯದ ಚರ್ಚೆ ನಡೆಯುವ ಪುಟಕ್ಕೆ ‘ಅರಳಿ ಕಟ್ಟೆ’ ಎಂದು ಹೆಸರಿಟ್ಟಿದ್ದಾರೆ. ಅಲ್ಲಿ ಯಾರೋ ಪ್ರಸ್ತಾಪವಿಟ್ಟರೆ ಬಂದು ಮಾತಾಡುವವರು ಹೆಚ್ಚುಕಡಿಮೆ ಒಬ್ಬರಿಗೊಬ್ಬರು ಗೊತ್ತಿರುವವರು. ಜಗಳವೂ ಗೊತ್ತಿರುವವರ ಜಗಳ, ಬಲ್ಲವರು ಬಲ್ಲರು.

ಅದಕ್ಕಿಂತ ನನಗೆ ಕಲಿಸುವಂಥದ್ದು ಕನ್ನಡ ವಿಕಿಸೋರ್ಸ್. ಹಕ್ಕುಸ್ವಾಮ್ಯ ಮುಗಿದ, ಇಲ್ಲವೇ ಮುಕ್ತವಾಗಿ ಬಿಟ್ಟುಕೊಟ್ಟ ಪುಸ್ತಕಗಳ ಸ್ಕ್ಯಾನ್ ಪುಟಗಳನ್ನು ಪಠ್ಯವಾಗಿ ಪರಿವರ್ತಿಸಿ ತಿದ್ದುವ ಜಾಗ ಅದು. ಒಂದು ಪುಟ ಇನ್ನೂ ತಿದ್ದದಿದ್ದರೆ ಕೆಂಪು. ಒಬ್ಬರು ಮೂಲದೊಡನೆ ಹೋಲಿಸಿ ಓದಿದರೆ ಹಳದಿ. ಹಸಿರಾಗಬೇಕಾದರೆ ಎರಡನೆಯ ಬಾರಿ ಓದಬೇಕು, ಆ ಎರಡನೆಯವರು ಮೊದಲಿನವರೇ ಆಗಿರಕೂಡದು. ಸಾಫ್ಟ್‌ವೇರೇ ಅದಕ್ಕೆ ಅವಕಾಶ ಕೊಡುವುದಿಲ್ಲ. ನೀವೆಷ್ಟೇ ಪಂಡಿತರಾಗಿರಿ, ಎಷ್ಟೇ ರಾತ್ರಿ ಕೂತು ತಿದ್ದಿರಿ, ನಿಮ್ಮ ಪುಟವನ್ನು ನೀವೇ ಹಸಿರು ಮಾಡಲಾರಿರಿ. ಶಿವಮೊಗ್ಗದವರು ತಿದ್ದಿದ ಪುಟಕ್ಕೆ ಷಿಕಾಗೊದಲ್ಲಿರುವ ಕನ್ನಡಿಗರು ಬೇಕಾಗಬಹುದು. ‘ಒತ್ತಕ್ಷರ ಬಿಟ್ಟುಹೋಗಿತ್ತು, ಸರಿಮಾಡಿದೆ’ ಎಂಬ ಒಂದು ಸಾಲಿನ ಟಿಪ್ಪಣಿಯಲ್ಲಿ ಇಬ್ಬರ ನಡುವೆ ಒಂದು ಎಳೆ ಹುಟ್ಟುತ್ತದೆ. ಪರಸ್ಪರ ಅವಲಂಬನೆಯನ್ನು ನಿಯಮದೊಳಗೇ ಹೆಣೆದಿರುವ ಈ ಏರ್ಪಾಟಿನ ಮುಂದೆ ಕೋಟ್ಯಂತರ ಡಾಲರ್ ಸುರಿದ ಎಷ್ಟೋ ಡಾವೊಗಳ ವಿನ್ಯಾಸ ಬಡವಾಗಿ ಕಾಣುತ್ತದೆ.

ಇಷ್ಟು ಹೊಗಳಿದ ಮೇಲೆ ನೆರಳನ್ನೂ ಹೇಳಬೇಕು. ಒಡೆಯನಿಲ್ಲ ಎಂದ ಮಾತ್ರಕ್ಕೆ ಅಧಿಕಾರವಿಲ್ಲ ಎಂದಲ್ಲ. 1970ರ ದಶಕದ ಆರಂಭದಲ್ಲೇ ಅಮೆರಿಕದ ಮಹಿಳಾ ಚಳವಳಿಯ ಒಳಗಿನಿಂದ ಜೋ ಫ್ರೀಮನ್ ಇದನ್ನು ಬರೆದಿದ್ದರು: ರಚನೆಯೇ ಇಲ್ಲದ ಗುಂಪು ಎಂಬುದಿಲ್ಲ, ಕಣ್ಣಿಗೆ ಕಾಣುವ ರಚನೆ ತೆಗೆದರೆ ಕಾಣದ ರಚನೆ ಬರುತ್ತದೆ, ಆಗ ಪ್ರಶ್ನಿಸಲು ಎದುರಿಗೆ ಯಾರೂ ಸಿಗುವುದಿಲ್ಲ. ಆನ್‌ಲೈನ್ ಸಂಘಗಳಲ್ಲಿ ಆ ಕಾಣದ ಅಧಿಕಾರ ಹೋಗುವುದು ಬಿಡುವು ಇರುವವರ ಕೈಗೆ. ವಿಕಿಪೀಡಿಯದ ಸಂಪಾದಕರಲ್ಲಿ ಮಹಿಳೆಯರ ಪಾಲು ಐದರಲ್ಲಿ ಒಂದಕ್ಕಿಂತ ಕಡಿಮೆ ಎಂದು ಸಮೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ. ಸಂಜೆ ಮನೆಗೆಲಸ ಮುಗಿಸಿ ಕೂರುವ ಹೊತ್ತಿಗೆ ಚರ್ಚೆ ಮುಗಿದು ತೀರ್ಮಾನವಾಗಿರುತ್ತದೆ. ಬೇಕಾದವರಾಗಲು ಸಮಯ ಬೇಕು, ಸಮಯ ಎಲ್ಲರಿಗೂ ಸಮನಾಗಿ ಹಂಚಿಲ್ಲ. ಈ ಒಂದು ವಿಷಯದಲ್ಲಿ ಟೋಕನ್ ಪರವಾಗಿ ವಾದಿಸುವವರ ಮಾತಿನಲ್ಲಿ ಹುರುಳಿದೆ: ಹಣಕೊಟ್ಟು ಸೇರುವುದು ಅನ್ಯಾಯವಾದರೆ ಬಿಡುವು ಕೊಟ್ಟು ಸೇರುವುದೂ ಪೂರ್ತಿ ನ್ಯಾಯವಲ್ಲ.

ಹೊರಹೋಗುವ ಬಾಗಿಲಿನ ಪ್ರಶ್ನೆಯೂ ಇದೆ. ವಿಕೇಂದ್ರೀಕರಣದ ದೊಡ್ಡ ಭರವಸೆಯೆಂದರೆ, ಇಷ್ಟವಾಗದಿದ್ದರೆ ಎಲ್ಲವನ್ನೂ ನಕಲು ಮಾಡಿಕೊಂಡು ಬೇರೆ ಮನೆ ಹೂಡಬಹುದು. 2016ರಲ್ಲಿ ‘ದಿ ಡಾವೊ’ ಎಂಬ ಮೊದಲ ದೊಡ್ಡ ಪ್ರಯೋಗ ಸುಮಾರು 15 ಕೋಟಿ ಡಾಲರ್ ಸಂಗ್ರಹಿಸಿತು. ಜೂನ್‌ನಲ್ಲಿ ಯಾರೋ ಅದರ ಪ್ರೋಗ್ರಾಂನ ದೋಷ ಬಳಸಿ 36 ಲಕ್ಷ ಈಥರ್ ಬಸಿದುಕೊಂಡರು. ಜುಲೈನಲ್ಲಿ ಈಥರಿಯಂ ಸಮುದಾಯದ ಬಹುಪಾಲು ಜನ ಲೆಕ್ಕದ ಪುಸ್ತಕವನ್ನೇ ತಿದ್ದಿ ಹಣ ಮರಳಿಸಿದರು. ಒಪ್ಪದವರು ತಿದ್ದದ ಹಳೆಯ ಬ್ಲಾಕ್‌ಚೈನನ್ನೇ ಹಿಡಿದು ಈಥರಿಯಂ ಕ್ಲಾಸಿಕ್ ಆದರು. ನಮ್ಮ ಕಡೆ ಪಾಲು ಪಂಚಾಯ್ತಿ ಕಂಡವರಿಗೆ ಹೊಸದೇನಲ್ಲ: ಮನೆ ಒಡೆದ ಮೇಲೆ ಎರಡೂ ಕಡೆ ‘ನಾವು’ ಎಂಬುದು ಮೊದಲಿಗಿಂತ ಗಟ್ಟಿಯಾಗುತ್ತದೆ.

ಆದರೆ ಮಾತುಕತೆಯ ಜಾಲಗಳಲ್ಲಿ ಬೇರೆ ಮನೆ ಹೂಡುವುದು ಅಷ್ಟು ಸಲೀಸಲ್ಲ. 2019ರ ನವೆಂಬರ್‌ನಲ್ಲಿ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾದದ್ದನ್ನು ಪ್ರತಿಭಟಿಸಿ ಅನೇಕ ಭಾರತೀಯರು ಮ್ಯಾಸ್ಟಡಾನ್‌ಗೆ ಹೊರಟರು. ಒಂದೇ ಕಂಪನಿಯ ಹಿಡಿತದಲ್ಲಿರದೆ, ಬೇರೆ ಬೇರೆಯವರು ನಡೆಸುವ ಸರ್ವರ್‌ಗಳು ಪರಸ್ಪರ ಮಾತಾಡುವ ಜಾಲ ಅದು. ಇಲಾನ್ ಮಸ್ಕ್ ಟ್ವಿಟರ್ ಕೊಂಡ ನಂತರ 2022ರ ಕೊನೆಯಲ್ಲಿ ಜಗತ್ತಿನಾದ್ಯಂತ ಇದೇ ಆಯಿತು: ಮ್ಯಾಸ್ಟಡಾನ್‌ನ ತಿಂಗಳ ಸಕ್ರಿಯ ಬಳಕೆದಾರರು ಸುಮಾರು 25 ಲಕ್ಷಕ್ಕೇರಿ, ಕೆಲವೇ ತಿಂಗಳಲ್ಲಿ ಅದರಲ್ಲಿ ದೊಡ್ಡ ಪಾಲು ಕರಗಿತು. ಉಳಿದುಕೊಂಡವರು ಯಾರು ಎಂದು ನೋಡಿದರೆ ನನಗೆ ಕಾಣುವುದು ಗುಂಪಾಗಿ ಹೋದವರು. ಒಂದೇ ಸಂಶೋಧನಾ ಕ್ಷೇತ್ರದವರು, ಒಂದೇ ಹವ್ಯಾಸದವರು. ಸಿದ್ಧಾಂತವನ್ನು ನೆಚ್ಚಿ ಒಬ್ಬೊಬ್ಬರೇ ಹೋದವರಿಗೆ ಅಲ್ಲಿ ಮಾತಾಡಿಸುವವರಿರಲಿಲ್ಲ.

ಡಾವೊ ಲೋಕದವರು ಈ ಪಾಠಗಳನ್ನು ಕೇಳಿಸಿಕೊಂಡಿಲ್ಲವೆಂದಲ್ಲ. ಈಥರಿಯಂ ಹುಟ್ಟುಹಾಕಿದವರಲ್ಲೊಬ್ಬರಾದ ವಿಟಾಲಿಕ್ ಬುಟೆರಿನ್ 2022ರಲ್ಲಿ ಇಬ್ಬರು ಸಹಲೇಖಕರೊಡನೆ ಬರೆದ ಪ್ರಬಂಧದಲ್ಲಿ, ಮಾರಲು ಬಾರದ, ವ್ಯಕ್ತಿಗೇ ಅಂಟಿಕೊಳ್ಳುವ ಟೋಕನ್‌ಗಳ ಯೋಚನೆ ಮುಂದಿಟ್ಟರು. ಯಾರೊಡನೆ ಕೆಲಸ ಮಾಡಿದಿರಿ, ಯಾರು ನಿಮ್ಮನ್ನು ಒಪ್ಪಿದರು ಎಂಬುದರ ದಾಖಲೆ ಅದು. ಬಾರ್ನ್‌ಸ್ಟಾರ್ ಮತ್ತು ಕೀ ಸೈನಿಂಗ್ ಪಾರ್ಟಿಗಳನ್ನು ಸುತ್ತಿ ಬಳಸಿ ಹೊಸದಾಗಿ ಕಂಡುಹಿಡಿದಂತಿದೆ ಎಂದು ನಾನು ಅಂದರೆ ಸ್ವಲ್ಪ ಕೊಂಕು ಎನಿಸಬಹುದು. ಆದರೂ ದಿಕ್ಕು ಸರಿಯಿದೆ.

ಇದೇ ಹೊತ್ತಿಗೆ ಬೇರೊಂದು ಕಡೆಯಿಂದ ಪೆಟ್ಟು ಬೀಳುತ್ತಿದೆ. ಹೊಸಬರು ಈ ಸಂಘಗಳಿಗೆ ಒಳಬರುವ ಮೆಟ್ಟಿಲು ಯಾವತ್ತೂ ಚಿಕ್ಕ ಕೆಲಸಗಳೇ ಆಗಿದ್ದವು: ಕಾಗುಣಿತ ತಿದ್ದುವುದು, ಸಣ್ಣ ದೋಷ ಸರಿಪಡಿಸುವುದು, ಒಂದು ಪ್ಯಾರಾ ಅನುವಾದಿಸುವುದು. ಕೃತಕ ಬುದ್ಧಿಮತ್ತೆ ಮೊದಲು ಕಸಿಯುತ್ತಿರುವುದು ಈ ಕೆಲಸಗಳನ್ನೇ. ಜೊತೆಗೆ ಯಂತ್ರ ಬರೆದುಕೊಟ್ಟದ್ದನ್ನು ಓದದೆ ತಂದು ಸುರಿಯುವವರು ಹೆಚ್ಚಾಗಿ, ಹಳಬರು ಬಾಗಿಲು ಬಿಗಿ ಮಾಡುತ್ತಿದ್ದಾರೆ. ಡೆಬಿಯನ್‌ನಂತೆಯೇ ಲಿನಕ್ಸ್ ಆಧರಿತ ವ್ಯವಸ್ಥೆ ಕಟ್ಟುವ ಜೆಂಟೂ ಸಮುದಾಯ 2024ರ ಏಪ್ರಿಲ್‌ನಲ್ಲಿ ಯಂತ್ರರಚಿತ ಕೊಡುಗೆಗಳನ್ನು ನಿಷೇಧಿಸಿತು. ಇಂಗ್ಲಿಷ್ ವಿಕಿಪೀಡಿಯ 2025ರಲ್ಲಿ, ಯಾರೂ ಪರಿಶೀಲಿಸದ ಯಂತ್ರಲೇಖನಗಳನ್ನು ಚರ್ಚೆಯಿಲ್ಲದೆ ಬೇಗ ಅಳಿಸುವ ನಿಯಮ ಒಪ್ಪಿತು. ಎರಡೂ ಅಗತ್ಯವೇ ಇರಬಹುದು. ಆದರೆ 2007ರ ನಂತರ ಬಾಟ್‌ಗಳು ಬಾಗಿಲಲ್ಲಿ ಮಾಡಿದ್ದನ್ನು ನೆನೆದರೆ, ಈ ಬಿಗಿಯಲ್ಲಿ ಯಾವ ಹೊಸಬರು ಹೊರಗುಳಿಯುತ್ತಾರೆ ಎಂದು ಈಗಲೇ ಲೆಕ್ಕ ಇಡುವುದು ಒಳ್ಳೆಯದು.

ಕನ್ನಡ ವಿಕಿಸೋರ್ಸ್‌ನಲ್ಲೂ ಸ್ಕ್ಯಾನ್ ಪುಟದಿಂದ ಅಕ್ಷರ ಎತ್ತುವ ಯಂತ್ರದ ಕೆಲಸ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿದೆ. ಕೆಂಪಿನಿಂದ ಹಳದಿಗೆ ಹೋಗುವ ಓದನ್ನೂ ಮುಂದೊಂದು ದಿನ ಅದಕ್ಕೇ ಬಿಡೋಣ ಎಂಬ ಮಾತು ಬಂದರೆ ಆಶ್ಚರ್ಯವಿಲ್ಲ, ಪುಸ್ತಕಗಳು ಬೇಗ ಮುಗಿಯುತ್ತವೆ ಎಂಬುದೂ ನಿಜ. ಆಗ ಎರಡನೆಯ ಓದುಗರಿಗೆ ಮೊದಲ ಓದುಗರೇ ಇರುವುದಿಲ್ಲ. ‘ಸರಿಮಾಡಿದೆ’ ಎಂದು ಅವರು ಬರೆಯುವ ಟಿಪ್ಪಣಿಯನ್ನು ಓದಿ, ಮುಂದಿನ ಪುಟಕ್ಕೆ ಹೋಗುವ ಮುನ್ನ ‘ಧನ್ಯವಾದ’ ಗುಂಡಿ ಒತ್ತುವವರೂ ಇರುವುದಿಲ್ಲ.